ಹೊಸೂರು ಸೀಮೆಯ ಪ್ರೌಢಶಾಲೆಯೂ ಕನ್ನಡ ವಿದ್ಯಾರ್ಥಿಯೂ

ಊರ ಶಾಲೆಯಲ್ಲಿ ಐದು ತರಗತಿಗಳನ್ನು ಮುಗಿಸಿದ ಮಗುವು ದೊಡ್ಡ ಶಾಲೆಯನ್ನು ಸೇರುವುದು ಎಲ್ಲ ದೇಶಗಳಲ್ಲಿಯೂ ನಡೆಯತಕ್ಕ ಸಂಗತಿಯೇ ಆಗಿದೆ. ಹೊಸ ಗುರುಗಳು, ಹೊಸ ಸಹಪಾಠಿಗಳು, ಗಂಟೆಗೊಂದು ಪಾಠ, ಇವುಗಳಿಗೆ ಹೊಂದಿಕೊಳ್ಳಲು ಯಾವ ಮಗುವಿಗಾದರೂ ಕೆಲವು ವಾರಗಳು ಬೇಕು. ಆದರೆ ಹೊಸೂರು, ತಳಿ, ಡೆಂಕಣಿಕೋಟೆಗಳ ಸುತ್ತಿನ ಕನ್ನಡ ಮಗುವಿಗೆ ಶಾಲೆಯೊಡನೆ ಅನೇಕ ವೇಳೆ ಪಾಠದ ಭಾಷೆಯೂ ಬದಲಾಗುತ್ತದೆ. ಈ ಕಷ್ಟಕ್ಕೆ ಕಾರಣವು ಮಗುವಿನ ಬುದ್ಧಿಯಲ್ಲಿಲ್ಲ, ಚರಿತ್ರೆಯಲ್ಲಿದೆ. ಅದನ್ನು ಉಪಾಧ್ಯಾಯರಾದ ನಾವೂ ವಿದ್ಯಾರ್ಥಿಗಳೂ ತಿಳಿದಿರುವುದು ಉಚಿತ.

ಮೈಸೂರಿನ ಟೀಪೂ ಸುಲ್ತಾನನು ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲನ್ನು ಕಂಪೆನಿಗೆ ಬಿಟ್ಟುಕೊಟ್ಟನು. ೧೭೯೯ರಲ್ಲಿ ಅವನ ಪತನವಾದ ಬಳಿಕ ಹೊಸೂರೂ ಕಂಪೆನಿಯ ವಶವಾಗಿ ಸೇಲಂ ಜಿಲ್ಲೆಗೆ ಸೇರಿತು. ಬಾರಾಮಹಲಿನ ಮೊದಲ ಕಲೆಕ್ಟರನಾದ ರೀಡನ ಕೈಕೆಳಗೆ ಕೆಲಸ ಕಲಿತ ಥಾಮಸ್ ಮನ್ರೋ, ಮುಂದೆ ಮದರಾಸಿನ ಗವರ್ನರನಾಗಿ, ೧೮೨೨ರಲ್ಲಿ ಆಧಿಪತ್ಯದ ನಾಡಶಾಲೆಗಳ ಲೆಕ್ಕವನ್ನು ತರಿಸಿದನು. ಹೀಗೆ ಕನ್ನಡ, ತೆಲುಗು, ತಮಿಳು ಮೂರೂ ಬೆರೆತ ಈ ಸೀಮೆಯ ವಿದ್ಯೆಯ ಭಾರವು ಮದರಾಸಿನ ಕೈಗೆ ಹೋಯಿತು.

ಆದರೂ ಮೇಲಣ ವಿದ್ಯೆಯ ದಾರಿ ಮದರಾಸಿನ ಕಡೆಗೇ ಹೊರಳಲಿಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ೧೮೭೮ರಲ್ಲಿ ಜನಿಸಿದ ಚಕ್ರವರ್ತಿ ರಾಜಗೋಪಾಲಾಚಾರ್ಯರು ಹೊಸೂರಿನ ಶಾಲೆಯಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ೧೮೯೪ರಲ್ಲಿ ಪದವಿ ಪಡೆದರು. ಕಾನೂನಿನ ವ್ಯಾಸಂಗಕ್ಕಾಗಿ ಮಾತ್ರ ಮದರಾಸಿಗೆ ಹೋದರು. ಸ್ವತಂತ್ರ ಭಾರತದ ಗವರ್ನರ್ ಜನರಲ್ ಪದವಿಗೇರಿದ ಮಹನೀಯರು ಕೂಡ ಒಮ್ಮೆ ಹೊಸೂರಿನ ಶಾಲೆಗೆ ಹೊಸ ವಿದ್ಯಾರ್ಥಿಯಾಗಿ ಕಾಲಿಟ್ಟವರೇ ಎಂಬುದನ್ನು ನಮ್ಮ ಮಕ್ಕಳು ನೆನೆಯಬೇಕು.

೧೯೫೬ರ ನವೆಂಬರ್ ೧ರಂದು ಭಾಷಾವಾರು ರಾಜ್ಯಗಳಾದಾಗ ಹೊಸೂರು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ ೩೫೦-ಎ ವಿಧಿಯು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ತಾಯ್ನುಡಿಯಲ್ಲಿ ಶಿಕ್ಷಣದ ಸೌಕರ್ಯವಿರಬೇಕೆಂದು ಹೇಳಿತು. ಆದರೆ ಆ ಮಾತು ಪ್ರಾಥಮಿಕ ಹಂತಕ್ಕೆ ಮಾತ್ರ ಅನ್ವಯಿಸುತ್ತದೆ. ಮುಂದಿನದು ಸಂಖ್ಯೆಯನ್ನು ಅವಲಂಬಿಸಿತು. ಪ್ರಾಥಮಿಕ ಶಾಲೆಯಲ್ಲಿ ೪೦ ಮಕ್ಕಳು ಅಥವಾ ತರಗತಿಯಲ್ಲಿ ೧೦ ಮಕ್ಕಳಿದ್ದರೆ ತಾಯ್ನುಡಿಯ ಉಪಾಧ್ಯಾಯರನ್ನು ಕೊಡಬೇಕೆಂದು ೧೯೪೯ರ ವಿದ್ಯಾಮಂತ್ರಿಗಳ ಸಮ್ಮೇಳನವು ನಿರ್ಣಯಿಸಿತ್ತು. ಪ್ರೌಢಶಾಲೆಗೆ ಕಡೆಯ ನಾಲ್ಕು ತರಗತಿಗಳಲ್ಲಿ ೬೦, ಒಂದೊಂದರಲ್ಲಿ ೧೫ ಮಕ್ಕಳಿರಬೇಕೆಂದು ೧೯೬೧ರ ಮುಖ್ಯಮಂತ್ರಿಗಳ ಸಮ್ಮೇಳನವು ಒಪ್ಪಿತು. ಚದುರಿದ ಹಳ್ಳಿಗಳ ನಾಡಿನಲ್ಲಿ ಈ ೧೫ ಎಂಬ ಅಂಕಿಯೇ ದೊಡ್ಡ ಹೊಳೆ. ಇಬ್ಬರು ಮಕ್ಕಳು ಅತ್ತಿಬೆಲೆಯ ಕಡೆಗೆ ಹೋದರೆ, ಉಳಿದವರ ತರಗತಿಗೇ ಕುತ್ತು ಬಂದೀತು.

೧೯೬೮ರಲ್ಲಿ ರಾಜ್ಯದ ಶಾಸನಸಭೆಯು ತಮಿಳು ಮತ್ತು ಇಂಗ್ಲಿಷುಗಳ ದ್ವಿಭಾಷಾ ನೀತಿಯನ್ನು ಅಂಗೀಕರಿಸಿತು. ೨೦೦೬ರ ತಮಿಳು ಕಲಿಕೆಯ ಕಾಯಿದೆಯು ಆ ವರ್ಷ ಒಂದನೆಯ ತರಗತಿಯಿಂದ ತಮಿಳನ್ನು ಕಡ್ಡಾಯಗೊಳಿಸಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿ, ೨೦೧೫-೧೬ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಆಗ ಕನ್ನಡವೇ ಮೊದಲಾದ ಭಾಷೆಗಳ ಮಕ್ಕಳು ನ್ಯಾಯಾಲಯದ ಮೊರೆಹೊಕ್ಕು ತಮಿಳು ಪತ್ರಿಕೆಯಿಂದ ವಿನಾಯಿತಿ ಪಡೆದರು. ೨೦೨೩ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆ ವರ್ಷದ ಪರೀಕ್ಷೆಗೆ ವಿನಾಯಿತಿಯನ್ನು ಮುಂದುವರಿಸಿತು. ಪರೀಕ್ಷೆಯ ಹೊಸ್ತಿಲಲ್ಲಿ ಸಿಗುವ ವಿನಾಯಿತಿಯಿಂದ ಅಂಕಗಳು ಉಳಿಯಬಹುದು. ಮೊದಲ ದಿನದ ಮೂಕತನವು ಅದರಿಂದ ನೀಗದು.

ಆ ಮೂಕತನವನ್ನು ನಾವು ಬಲ್ಲೆವು. ನಿನ್ನೆ ಗುಣಾಕಾರ, ಭಾಗಾಕಾರಗಳನ್ನು ಥಟ್ಟನೆ ಮಾಡಿದ ಹುಡುಗನು ಇಂದು 'ಪೆರುಕ್ಕಲ್', 'ವಗುತ್ತಲ್' ಎಂಬ ಮಾತುಗಳ ಮುಂದೆ ತಲೆತಗ್ಗಿಸುತ್ತಾನೆ. ಲೆಕ್ಕ ಬಂದರೂ ಪ್ರಶ್ನೆ ತಿಳಿಯದು. ಅವನ ಹೆಸರೂ ಹಾಜರಿ ಪುಸ್ತಕದಲ್ಲಿ ಬೇರೆಯಾಗಿ ಕಾಣುತ್ತದೆ; ತಮಿಳು ಲಿಪಿಯಲ್ಲಿ ಕ, ಖ, ಗ, ಘ ಎಂಬ ನಾಲ್ಕಕ್ಕೂ ಒಂದೇ ಅಕ್ಷರವಷ್ಟೆ. ಇಂಥ ಮಗುವನ್ನು ದಡ್ಡನೆಂದು ಹಿಂದಿನ ಸಾಲಿಗೆ ಕಳುಹಿಸಿದರೆ, ಅವನು ಶಾಲೆಯನ್ನೇ ಬಿಟ್ಟು ಕುರಿಯ ಹಿಂದೆಯೋ ಕಾರ್ಖಾನೆಯ ಕಡೆಗೋ ನಡೆಯುವ ಭಯವುಂಟು.

ಇದಕ್ಕೆ ಭಾಷೆಯ ಚರಿತ್ರೆಯೇ ಒಂದು ಮದ್ದನ್ನು ಇಟ್ಟಿದೆ. ನಮ್ಮ ಹಾಲು ತಮಿಳಿನ ಪಾಲ್, ಹುಲಿ ಪುಲಿ, ಹತ್ತು ಪತ್ತು. ಹಳಗನ್ನಡದಲ್ಲಿಯೂ ಇವು ಪಕಾರದಿಂದಲೇ ಇದ್ದುವು. ಕಿವಿಗೆ ಅವರು ಚೆವಿ ಎನ್ನುವರು. ಐದನೆಯ ತರಗತಿಯ ಕೊನೆಯ ತಿಂಗಳುಗಳಲ್ಲಿ ಇಂಥ ಜೋಡಿಪದಗಳನ್ನೂ ಗಣಿತ ವಿಜ್ಞಾನಗಳ ತಮಿಳು ಮಾತುಗಳನ್ನೂ ಕನ್ನಡದ ಎದುರಿಗೆ ಬರೆಯಿಸಿದರೆ, ಮಗುವಿಗೆ ತಮಿಳು ಶತ್ರುವಾಗಿ ತೋರದೆ ದಾಯಾದಿ ಮನೆಯ ಮಾತಾಗಿ ತೋರುವುದು. ತಮಿಳನ್ನು ಚೆನ್ನಾಗಿ ಕಲಿಯುವುದರಿಂದ ಕನ್ನಡಕ್ಕೆ ಕುಂದಿಲ್ಲ. ಕನ್ನಡವನ್ನು ಬಿಡುವುದರಿಂದಲೇ ಕುಂದು.

ಆದಕಾರಣ ಉಪಾಧ್ಯಾಯ ಮಿತ್ರರಲ್ಲಿ ನಮ್ಮ ಬಿನ್ನಹವಿಷ್ಟೆ. ದಾಖಲೆಯ ದಿನ ತಾಯ್ನುಡಿಯ ಕಲಮಿನಲ್ಲಿ ಕನ್ನಡವೆಂದು ಸರಿಯಾಗಿ ಬರೆಯಿಸಿರಿ. ಸಂಖ್ಯೆಯು ಹುಟ್ಟುವುದು ಅಲ್ಲಿಯೇ. ದೊಡ್ಡ ಶಾಲೆಗೆ ಹೋದ ಮಗುವನ್ನು ಮೊದಲ ತಿಂಗಳೊಳಗೆ ಒಮ್ಮೆ ಕಂಡು ಮಾತನಾಡಿಸಿರಿ. ಮೇಲಿನ ತರಗತಿಯ ಕನ್ನಡ ವಿದ್ಯಾರ್ಥಿಗಳೇ, ಹೊಸದಾಗಿ ಬಂದವನನ್ನು ನಿಮ್ಮ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿರಿ. ಹದಿನೈದರ ಲೆಕ್ಕಕ್ಕೆ ಒಂದು ಮಗುವೂ ಕಡಮೆಯಾಗದಿರಲಿ.