ವಾರಾನ್ನದ ಎಲೆಯಿಂದ ಊರಿನ ಶಾಲೆಯವರೆಗೆ

1935ನೇ ಇಸವಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಹುಡುಗನೊಬ್ಬ ಬೆಂಗಳೂರಿಗೆ ಹೊರಟ. ಬಸ್ಸಿಗೆ ಕೊಡಲು ಹಣವಿರಲಿಲ್ಲ. 80 ಕಿಲೋಮೀಟರಿಗೂ ಹೆಚ್ಚಿನ ದಾರಿಯನ್ನು ಎರಡು ದಿನ ನಡೆದೇ ಕ್ರಮಿಸಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಸೇರಿದ. ಊರಿನ ಶಾಲೆಯಲ್ಲಿ ಅವನಿಗೆ ಪಾಠ ಹೇಳಿದ್ದ ಮೇಷ್ಟ್ರು ಎಂ.ಎಸ್. ನಾರಾಯಣರಾವ್ ಆಗ ಆ ಹೈಸ್ಕೂಲಿನಲ್ಲಿದ್ದರು. ಹುಡುಗನಿಗಿದ್ದ ಭರವಸೆ ಅದೊಂದೇ.

ಆ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ. ಅವರ ಕಥೆಯನ್ನು ಸ್ವಪ್ರಯತ್ನದ ಕಥೆಯೆಂದು ಹೇಳುವುದು ವಾಡಿಕೆ. ಆದರೆ ಹಳ್ಳಿಯ ಬಡ ಮಗು ಓದಿ ಮುಂದೆ ಬಂದ ಕಥೆಗಳಲ್ಲೆಲ್ಲ ಮಗುವಿನ ಛಲದ ಜೊತೆಗೆ ಇನ್ನೆರಡು ಸಂಗತಿಗಳಿರುತ್ತವೆ. ಒಂದು, ಮಗುವನ್ನು ಗುರುತಿಸಿದ ಕಣ್ಣು. ಇನ್ನೊಂದು, ಹಸಿದಾಗ ಸಿಕ್ಕ ಊಟ. ಈ ಎರಡನ್ನು ಯಾರು, ಯಾರಿಗೆ ಒದಗಿಸಿದರು ಎಂಬುದೇ ನಮ್ಮ ಶಿಕ್ಷಣದ ಇತಿಹಾಸದ ಒಂದು ದೊಡ್ಡ ಅಧ್ಯಾಯ.

ಏಳು ಮನೆ, ಏಳು ದಿನ

ಹಿಂದಿನ ತಲೆಮಾರಿನವರ ಬಾಯಲ್ಲಿ 'ವಾರಾನ್ನ' ಎಂಬ ಮಾತು ಆಗಾಗ ಬರುತ್ತಿತ್ತು. ಪೇಟೆಗೆ ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತು ಮಾಡಿಕೊಳ್ಳಬೇಕಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಐದೇ ಮನೆ ಸಿಕ್ಕರೆ ಉಳಿದೆರಡು ದಿನ ಉಪವಾಸ, ಇಲ್ಲವೇ ದೇವಸ್ಥಾನದ ಪ್ರಸಾದ. ಮನೆಯೊಡತಿ ಊರಿಗೆ ಹೋದರೆ, ಮನೆಯಲ್ಲಿ ಸೂತಕ ಬಂದರೆ ಆ ವಾರದ ಊಟ ತಪ್ಪಿತು. ನೀರು ಸೇದಿಕೊಡುವುದು, ಮನೆಯ ಚಿಕ್ಕ ಮಕ್ಕಳಿಗೆ ಪಾಠ ಹೇಳುವುದು ಅನೇಕ ಕಡೆ ಈ ಊಟಕ್ಕೆ ಪ್ರತಿಯಾಗಿ ನಡೆಯುತ್ತಿತ್ತು.

ತಾವೇ ಅರೆಹೊಟ್ಟೆಯಲ್ಲಿದ್ದ ಎಷ್ಟೋ ಮನೆಯವರು ಪರರ ಮಗನಿಗೆ ವಾರಕ್ಕೊಮ್ಮೆ ಎಲೆ ಹಾಕಿದರು. ಆ ಔದಾರ್ಯವನ್ನು ಸಣ್ಣದೆನ್ನಲಾಗದು. ಆದರೆ ಅದಕ್ಕೆ ಬೇಲಿಯೂ ಇತ್ತು. ಮಡಿಯ ಮನೆಯೊಳಗೆ ಎಲೆ ಬೀಳುತ್ತಿದ್ದುದು ಸ್ವಜಾತಿಯ ಹುಡುಗನಿಗೆ. ಕೇರಿಯ ಹುಡುಗ ಎಷ್ಟೇ ಜಾಣನಾದರೂ ಅವನಿಗೆ ವಾರದ ಏಳು ದಿನವೂ ಬಾಗಿಲು ಮುಚ್ಚಿರುತ್ತಿತ್ತು. ಇನ್ನು ಹೆಣ್ಣುಮಕ್ಕಳನ್ನು ಹೀಗೆ ಪರಸ್ಥಳಕ್ಕೆ ಓದಲು ಕಳಿಸುವ ಯೋಚನೆಯೇ ಅಂದು ಇರಲಿಲ್ಲವೆನ್ನಬೇಕು.

ಈ ಬೇಲಿಯನ್ನು ಮುರಿಯಲು ಹೊರಟವರಲ್ಲಿ ಮಂಗಳೂರಿನ ಕುದ್ಮುಲ್ ರಂಗರಾಯರು ಮೊದಲಿಗರು. 1892ರಲ್ಲಿ ಅವರು ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. ಅದಕ್ಕಾಗಿ ಸ್ವಂತ ಜಾತಿಯವರ ಬಹಿಷ್ಕಾರವನ್ನೂ ಎದುರಿಸಿದರು.

ಮನೆಯಿಂದ ಬೋರ್ಡಿಂಗಿಗೆ

ಇಪ್ಪತ್ತನೇ ಶತಮಾನದ ಆರಂಭದಲ್ಲಿ ನೆರವಿನ ಸ್ವರೂಪ ಬದಲಾಯಿತು. ಕೊಲ್ಹಾಪುರದ ಶಾಹು ಮಹಾರಾಜರು 1901ರಿಂದ ತಮ್ಮ ರಾಜಧಾನಿಯಲ್ಲಿ ಒಂದೊಂದು ಸಮುದಾಯಕ್ಕೂ ವಿದ್ಯಾರ್ಥಿನಿಲಯಗಳು ಏಳಲು ಬೆಂಬಲವಾಗಿ ನಿಂತರು. ಉತ್ತರ ಕರ್ನಾಟಕದ ಸಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆ ಮೀಸಲಿಟ್ಟು ಮೃತ್ಯುಪತ್ರ ಬರೆದು 1906ರಲ್ಲಿ ತೀರಿಕೊಂಡರು. ಜನ ಅವರನ್ನು 'ತ್ಯಾಗವೀರ' ಎಂದು ಕರೆದರು. ಅದೇ ವರ್ಷ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿತು. ಹಳ್ಳಿಯಿಂದ ಬಂದ ರೈತರ ಮಕ್ಕಳಿಗೆ ಪೇಟೆಯಲ್ಲಿ ಇರಲೊಂದು ನೆಲೆ ಬೇಕೆಂಬುದು ಇಂಥ ಸಂಘಗಳ ಮುಖ್ಯ ಕಾಳಜಿಯಾಗಿತ್ತು.

ವಾರಾನ್ನಕ್ಕೂ ಬೋರ್ಡಿಂಗಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ವಾರಾನ್ನದ ಹುಡುಗ ದಿನಕ್ಕೊಂದು ಹೊಸಿಲ ಮುಂದೆ ನಿಲ್ಲಬೇಕು. ಬೋರ್ಡಿಂಗಿನ ಹುಡುಗ ತನ್ನಂಥವರ ಸಾಲಿನಲ್ಲಿ ಕುಳಿತು ಉಣ್ಣುತ್ತಾನೆ. ಆದರೆ ಆ ಸಾಲು ಬಹುಮಟ್ಟಿಗೆ ಒಂದೇ ಜಾತಿಯದಾಗಿತ್ತು.

ಆ ಸಾಲನ್ನು ಬೆರೆಸಿದವರು ಭಾವುರಾವ್ ಪಾಟೀಲರು. ಕೊಲ್ಹಾಪುರದ ಬಳಿಯ ಕುಂಭೋಜದಲ್ಲಿ 1887ರಲ್ಲಿ ಜೈನ ಕುಟುಂಬದಲ್ಲಿ ಹುಟ್ಟಿದ ಅವರು, ಕೊಲ್ಹಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದಿದವರು. 1919ರಲ್ಲಿ ಕರಾಡದ ಬಳಿಯ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಅದು ಸಾತಾರಾಕ್ಕೆ ಬಂತು. ಅಲ್ಲಿನ ಬೋರ್ಡಿಂಗಿನಲ್ಲಿ ಎಲ್ಲ ಜಾತಿಯ ಹುಡುಗರು ಒಟ್ಟಿಗೇ ಅಡುಗೆ ಮಾಡಿ, ಒಟ್ಟಿಗೇ ಉಂಡರು. ದುಡಿದು ಓದುವುದು ಅಲ್ಲಿಯ ನಿಯಮ. ಪುಕ್ಕಟೆ ಊಟ ಉಣ್ಣುವ ಹುಡುಗ ತಲೆ ತಗ್ಗಿಸುತ್ತಾನೆ ಎಂಬುದನ್ನು ಪಾಟೀಲರು ಬಲ್ಲವರಾಗಿದ್ದರು. ಹುಡುಗರ ಊಟಕ್ಕೆ ದಾರಿ ಕಾಣದಾದಾಗ ಅವರ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. 1927ರಲ್ಲಿ ಗಾಂಧೀಜಿಯವರ ಕೈಯಿಂದ ಆ ಬೋರ್ಡಿಂಗಿಗೆ ಶಾಹು ಮಹಾರಾಜರ ಹೆಸರಿಡಲಾಯಿತು.

ಕರ್ನಾಟಕದಲ್ಲಿ ಇದೇ ಮಾತಿಗೆ ತುಮಕೂರಿನ ಸಿದ್ಧಗಂಗೆ ನೆನಪಾಗುತ್ತದೆ. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾಗುವವರೆಗೂ ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನ, ಆಸರೆ, ಅಕ್ಷರ ನೀಡಿದರು. ಆ ಒಲೆಯನ್ನು ಉರಿಸಿದ್ದು ಸಿರಿವಂತರ ಹಣವೊಂದೇ ಅಲ್ಲ. ಸುತ್ತಲ ರೈತರು ತಂದು ಸುರಿದ ರಾಗಿ, ಭತ್ತ, ಕಾಯಿಪಲ್ಲೆಗಳ ಪಾಲು ಅದರಲ್ಲಿ ದೊಡ್ಡದು.

ದಾನದಿಂದ ಹಕ್ಕಿಗೆ

ದಾನಿ ಎಷ್ಟೇ ದೊಡ್ಡವನಾದರೂ ಅವನ ಕಣ್ಣಿಗೆ ಬೀಳದ ಮಕ್ಕಳೇ ಹೆಚ್ಚು. ಆದ್ದರಿಂದ ಸರ್ಕಾರದ ಹೊಣೆ ಏನೆಂಬ ಪ್ರಶ್ನೆ ಬೇಗನೆ ಎದ್ದಿತು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲಕ್ಕೆ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಇರಬೇಕೆಂದು ಹೇಳಿತು. ಅವರ ಓದಿಗೆ ವಿಶೇಷ ಉತ್ತೇಜನ ಬೇಕೆಂದೂ ಸೂಚಿಸಿತು. ಓದಿಲ್ಲದೆ ಹುದ್ದೆಯಿಲ್ಲ, ಊಟ-ವಸತಿಯಿಲ್ಲದೆ ಓದಿಲ್ಲ ಎಂಬ ಸರಪಣಿ ಆಡಳಿತದ ಲೆಕ್ಕಕ್ಕೆ ಬಂದದ್ದು ಹೀಗೆ.

1970ರ ದಶಕದಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳಿಗೆ ಬಲ ಬಂತು. ತಾಲ್ಲೂಕು ಕೇಂದ್ರದ 'ಹಾಸ್ಟೆಲ್' ಹಳ್ಳಿ ಹುಡುಗರ ಪಾಲಿಗೆ ಏಳು ಮನೆಗಳ ಜಾಗದಲ್ಲಿ ನಿಂತಿತು. ಸಾರು ನೀರಾಗಿರಬಹುದು, ಕೋಣೆ ಇಕ್ಕಟ್ಟಾಗಿರಬಹುದು. ಆದರೆ ಅಲ್ಲಿ ಊಟ ಯಾರದೋ ಕೃಪೆಯಲ್ಲ. ಅದು ಸರಿಯಿಲ್ಲದಿದ್ದರೆ ಹುಡುಗರು ಕಚೇರಿಯ ಮುಂದೆ ಧರಣಿ ಕೂರಬಲ್ಲರು. ವಾರಾನ್ನದ ಮನೆಯಲ್ಲಿ ಉಪ್ಪು ಕಡಿಮೆಯಾಯಿತೆಂದು ಹೇಳುವ ಧೈರ್ಯ ಯಾರಿಗಿತ್ತು?

1986ರ ಶಿಕ್ಷಣ ನೀತಿಯ ಕಾಲಕ್ಕೆ ಬಂದ ನವೋದಯ ಶಾಲೆಗಳು ಜಾಣ ಮಕ್ಕಳನ್ನು ಪರೀಕ್ಷೆಯಿಂದ ಆರಿಸಿ, ಶೇಕಡ 75ರಷ್ಟು ಸ್ಥಾನಗಳನ್ನು ಗ್ರಾಮೀಣ ಮಕ್ಕಳಿಗೆ ಇಟ್ಟವು. ಹೆಣ್ಣುಮಕ್ಕಳಿಗೂ ಮೂರನೇ ಒಂದು ಪಾಲು ಇರಬೇಕೆಂಬ ನಿಯಮ ಬಂತು. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ 'ಅಕ್ಷರ ದಾಸೋಹ' ಆರಂಭವಾಗಿ ಮರುವರ್ಷ ರಾಜ್ಯಕ್ಕೆಲ್ಲ ಹಬ್ಬಿತು. ಜಾಣರಿಗೆ, ದಡ್ಡರಿಗೆ ಎಂಬ ಭೇದವಿಲ್ಲದೆ ಶಾಲೆಗೆ ಬಂದ ಮಗುವಿಗೆಲ್ಲ ಬಿಸಿಯೂಟ.

ಆರಿಸುವ ಕಣ್ಣು

ಇಷ್ಟಾದರೂ ಖಾಸಗಿ ನೆರವು ನಿಂತಿಲ್ಲ, ನಿಲ್ಲಬೇಕಾಗಿಯೂ ಇಲ್ಲ. ಶುಲ್ಕ ಕಟ್ಟಲಾಗದ ಮಗುವಿಗೆ ಊರಿನವರೋ, ಸಂಘ-ಸಂಸ್ಥೆಗಳೋ ಇಂದಿಗೂ ಕೈಹಿಡಿಯುತ್ತಾರೆ. ಆದರೆ 'ಪ್ರತಿಭಾವಂತ ಬಡ ವಿದ್ಯಾರ್ಥಿ' ಎಂಬ ಮಾತಿನಲ್ಲಿ ಒಂದು ತೊಡಕಿದೆ. ಹತ್ತು ವರ್ಷದ ಮಗುವಿನ ಪ್ರತಿಭೆಯನ್ನು ಅಳೆಯುವುದು ಹೇಗೆ? ಕುರಿ ಕಾಯಲು ಹೋಗಿ ವಾರಕ್ಕೆ ಮೂರು ದಿನ ಶಾಲೆ ತಪ್ಪಿಸುವವನ ಅಂಕಗಳು ಅವನ ಬುದ್ಧಿಯ ಲೆಕ್ಕವನ್ನು ಹೇಳುವುದಿಲ್ಲ. ತಮ್ಮನನ್ನು ಎತ್ತಿಕೊಂಡು ಮನೆಯಲ್ಲೇ ಉಳಿದ ಹುಡುಗಿ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಇದನ್ನು ಚೆನ್ನಾಗಿ ಅರಿತವರು ಎರಡು ದಿನ ನಡೆದು ಬಂದ ನರಸಿಂಹಯ್ಯನವರೇ. ಅಮೆರಿಕದ ಓಹಿಯೋ ರಾಜ್ಯ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬಂದ ಮೇಲೂ ಅವರು ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬದುಕು ಕಳೆದರು. ತಮ್ಮಂಥ ನಾಲ್ಕು ಜಾಣ ಹುಡುಗರನ್ನು ಬೆಂಗಳೂರಿಗೆ ಕರೆತಂದು ಓದಿಸಿದ್ದರೂ ಜನ ಮೆಚ್ಚುತ್ತಿದ್ದರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಹುಟ್ಟೂರು ಹೊಸೂರಿನಲ್ಲಿ ಹೈಸ್ಕೂಲು, ಗೌರಿಬಿದನೂರು ಮತ್ತು ಬಾಗೇಪಲ್ಲಿಗಳಲ್ಲಿ ಕಾಲೇಜು ನೆಲೆಗೊಳ್ಳಲು ದುಡಿದರು. ಒಬ್ಬ ಹುಡುಗನನ್ನು ಶಾಲೆಗೆ ನಡೆಸುವ ಬದಲು ಶಾಲೆಯನ್ನೇ ಊರಿಗೆ ನಡೆಸಿಕೊಂಡು ಹೋದರು. ಆ ಶಾಲೆಯ ಬಾಗಿಲಲ್ಲಿ ಯಾರ ಕಣ್ಣಿಗೂ ಬೀಳದ ಮಗುವಿಗೂ ಜಾಗವಿತ್ತು.