ಕತ್ತರಿಸಿದಷ್ಟೂ ಹೆಚ್ಚಿದ ಕಡಲ ಕಳೆ

ಗರಿಕೆಯನ್ನು ತುಂಡು ಮಾಡಿ ಹೊಲದಲ್ಲೇ ಬಿಟ್ಟರೆ ಏನಾಗುತ್ತದೆ ಅಂತ ರೈತರಿಗೆ ಹೇಳಿಕೊಡಬೇಕಿಲ್ಲ. ಅಮೆರಿಕದಲ್ಲಿ ಸಮುದ್ರದ ತಳವನ್ನೇ ಹೊಲ ಮಾಡಿಕೊಂಡಿದ್ದ ರೈತರಿಗೂ 19ನೇ ಶತಮಾನದಲ್ಲಿ ಇದೇ ಕಾಟ ಎದುರಾಯಿತು.

ನ್ಯೂಯಾರ್ಕ್ ಪಕ್ಕದ ಕನೆಕ್ಟಿಕಟ್ ರಾಜ್ಯದಲ್ಲಿ ಸಿಂಪಿ ಸಾಕುವುದು ದೊಡ್ಡ ಕಸುಬು. ಚಿಪ್ಪಿನೊಳಗಿನ ಮೆತ್ತನೆಯ ಮಾಂಸವನ್ನು ಅಲ್ಲಿನವರು ಇಷ್ಟಪಟ್ಟು ತಿನ್ನುತ್ತಾರೆ. 1855ರ ಕಾನೂನಿನಂತೆ ಒಬ್ಬೊಬ್ಬರು ಎರಡು ಎಕರೆ ತಳ ಪಡೆಯಬಹುದಿತ್ತು. ಖಾಲಿ ಚಿಪ್ಪು ಸುರಿದು, ಅದಕ್ಕೆ ಅಂಟಿದ ಮರಿಗಳನ್ನು ಕೆಲವು ವರ್ಷ ಬೆಳೆಸಿ ಮಾರುತ್ತಿದ್ದರು. ನೀರಿನಡಿ ಬೇಲಿ ಎಲ್ಲಿಂದ ಬರಬೇಕು? ಒಂದೇ ಕಡೆ ಅಷ್ಟು ಊಟ ಕಂಡು ನಕ್ಷತ್ರಮೀನುಗಳು ಮುತ್ತಿಕೊಂಡವು.

ಹೆಸರಿಗಷ್ಟೇ ಮೀನು. ಐದು ತೋಳುಗಳಿಂದ ಸಿಂಪಿಯನ್ನು ತಬ್ಬಿ, ತೋಳಿನಡಿಯ ನೂರಾರು ಪುಟ್ಟ ಕಾಲುಗಳಿಂದ ಚಿಪ್ಪನ್ನು ಎಳೆಯುತ್ತದೆ. ಕೂದಲೆಳೆಯಷ್ಟು ಬಿರುಕು ಸಿಕ್ಕರೆ ಸಾಕು, ತನ್ನ ಹೊಟ್ಟೆಯನ್ನೇ ಹೊರಹಾಕಿ ಒಳಗೆ ತೂರಿಸಿ ಅಲ್ಲೇ ಜೀರ್ಣಿಸುತ್ತದೆ.

ಸಿಟ್ಟಾದ ದೋಣಿಯವರು ಸಿಕ್ಕ ನಕ್ಷತ್ರಮೀನನ್ನು ಕತ್ತರಿಸಿ ಮತ್ತೆ ನೀರಿಗೆ ಎಸೆಯುತ್ತಿದ್ದರಂತೆ. ನಡುಭಾಗದ ಚೂರು ತೋಳಿಗೆ ಅಂಟಿಕೊಂಡಿದ್ದರೆ ಆ ತುಂಡೇ ಪೂರ್ತಿ ಪ್ರಾಣಿಯಾಗಿ ಬೆಳೆಯಬಲ್ಲದು. ಪ್ರತಿ ತುಂಡೂ ಬದುಕುತ್ತಿತ್ತು ಅನ್ನುವುದು ಕತೆ ಹೇಳುವವರು ಸೇರಿಸಿದ ಒಗ್ಗರಣೆ.

ಆಮೇಲೆ ಬಂದದ್ದು ನೂಲಿನ ಕುಚ್ಚು. ಕಬ್ಬಿಣದ ಸರಳಿಗೆ ಹತ್ತಿನೂಲಿನ ದಪ್ಪ ಕುಚ್ಚುಗಳನ್ನು ಕಟ್ಟಿ ತಳದ ಮೇಲೆ ಎಳೆದರೆ, ಮುಳ್ಳುಮುಳ್ಳು ಮೈಯ ನಕ್ಷತ್ರಮೀನು ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಮೇಲೆತ್ತಿ ಬಿಸಿನೀರಿನ ತೊಟ್ಟಿಯಲ್ಲಿ ಅದ್ದಿದರೆ ಮುಗಿಯಿತು. ಆದರೆ ಆಳದಲ್ಲಿ ದಿನವಿಡೀ ಎಳೆಯಲು ಉಗಿದೋಣಿ ಬೇಕು. 1870ರ ದಶಕದಿಂದ ಉಗಿದೋಣಿ ಕೊಂಡವರು ದೊಡ್ಡ ಬಂಡವಾಳದವರು. ಹಾಯಿದೋಣಿಯ ಎರಡೆಕರೆಯವನು ತನ್ನ ತಳವನ್ನು ಎಷ್ಟೇ ಚೊಕ್ಕ ಮಾಡಿದರೂ ಪಕ್ಕದ ಪಾಳು ತಳದಿಂದ ಮತ್ತೆ ತೆವಳಿ ಬರುತ್ತಿದ್ದವು. ನನಗಂತೂ ಈ ಇತಿಹಾಸದಲ್ಲಿ ಅವನ ಪಾಡೇ ಹೆಚ್ಚು ಕಾಡುತ್ತದೆ.

ಮಿಲ್‌ಫರ್ಡ್‌ನ ಸರ್ಕಾರಿ ಪ್ರಯೋಗಾಲಯದ ವಿಕ್ಟರ್ ಲೂಸನಾಫ್ ಮತ್ತು ಸಂಗಡಿಗರು ಸುಟ್ಟ ಸುಣ್ಣ ಎರಚುವ ಪದ್ಧತಿಯನ್ನು ಪರೀಕ್ಷಿಸಿ 1942ರಲ್ಲಿ ವರದಿ ಬರೆದರು. ಸುಣ್ಣದ ಕಾಳು ಬಿದ್ದ ಕಡೆ ನಕ್ಷತ್ರಮೀನಿನ ಚರ್ಮ ಹುಣ್ಣಾಗಿ ಅದು ಸಾಯುತ್ತದೆ. ಸಿಂಪಿಗೆ ಚಿಪ್ಪಿನ ಕಾವಲಿದೆ.

ಇನ್ನೊಂದು ಶತ್ರುವಿಗೆ ಕುಚ್ಚೂ ನಾಟದು. ಅದು ಹೆಬ್ಬೆರಳಿಗಿಂತ ಚಿಕ್ಕದಾದ ಕಡಲ ಬಸವನಹುಳು. ಆಮ್ಲ ಸುರಿಸಿ, ಅರದಂಥ ನಾಲಿಗೆಯಿಂದ ಉಜ್ಜಿ ಚಿಪ್ಪಿಗೇ ತೂತು ಕೊರೆಯುತ್ತದೆ. ಅಮೆರಿಕದಿಂದ ಬಿತ್ತನೆಗೆ ತರಿಸಿದ ಸಿಂಪಿಗಳ ಜೊತೆ ಇದೂ ಸಾಗರ ದಾಟಿ ಇಂಗ್ಲೆಂಡಿನ ಎಸೆಕ್ಸ್, ಕೆಂಟ್ ಕರಾವಳಿ ಸೇರಿ, ಅಲ್ಲಿನ ಸಾಕಣೆಗೂ ಗಂಟುಬಿತ್ತು.