ವಕ್ರದರ್ಪಣಗಳ ವಿಪಥನ

ಒಂದು ಬಿಂದುವಿನಿಂದ ಹೊರಟ ಕಿರಣಗಳನ್ನೆಲ್ಲ ಮತ್ತೊಂದು ಬಿಂದುವಿನಲ್ಲಿಯೇ ಕೂಡಿಸಬೇಕಾದ ದರ್ಪಣವು ತನ್ನ ಮೈಯ ಆಕಾರದ ದೆಸೆಯಿಂದಲೇ ಅವನ್ನು ಬೇರೆ ಬೇರೆ ಎಡೆಗಳಲ್ಲಿ ಕೂಡಿಸಿ ಬಿಂಬವನ್ನು ಮಸುಕುಗೊಳಿಸುವ ದೋಷಕ್ಕೆ ವಿಪಥನವೆಂದು ಹೆಸರು. ಬಣ್ಣಗಳನ್ನು ಬೇರ್ಪಡಿಸುವ ವರ್ಣವಿಪಥನವು ಮಸೂರಕ್ಕುಂಟು, ದರ್ಪಣಕ್ಕಿಲ್ಲ. ನ್ಯೂಟನ್ನನು 1668ರಲ್ಲಿ ಲೋಹದರ್ಪಣದ ದೂರದರ್ಶಕವನ್ನು ರಚಿಸಿದುದು ಈ ಕಾರಣದಿಂದಲೇ.

ಉಳಿದವುಗಳಲ್ಲಿ ಮುಖ್ಯವಾದುದು ಗೋಳೀಯ ವಿಪಥನ. ಕಡೂರು, ಅಜ್ಜಂಪುರಗಳ ಬಯಲಿನಲ್ಲಾಗಲಿ ತರೀಕೆರೆಯ ಅರೆಮಲೆನಾಡಿನಲ್ಲಾಗಲಿ, ಬೆಳಗಿನ ಓರೆಬಿಸಿಲು ಸ್ಟೀಲು ಲೋಟದ ಒಳಮೈಗೆ ತಾಗಿ ಕಾಫಿಯ ಮೇಲೆ ಮೂಡಿಸುವ, ಚೂಪು ಮೊನೆಯಲ್ಲಿ ಕೂಡುವ ಎರಡು ಬಾಗುಗೆರೆಗಳನ್ನು ನೋಡಿದವರು ಇದನ್ನು ಕಣ್ಣಾರೆ ಕಂಡವರೇ ಸರಿ: ಒಳಮೈಯ ನಡುಭಾಗಕ್ಕೆ ಬಿದ್ದ ಕಿರಣಗಳು ಆ ಮೊನೆಯಲ್ಲಿ ಸಂಧಿಸಿದರೆ, ಅಂಚಿಗೆ ಬಿದ್ದವು ಗೋಡೆಗೆ ಇನ್ನೂ ಸಮೀಪದಲ್ಲಿ ಅಕ್ಷವನ್ನು ದಾಟುವವು.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಜಾವಾದಿ ಬೆಟ್ಟಗಳ ಕಾವಲೂರಿನಲ್ಲಿ ಸ್ಥಾಪಿಸಿದ, 1986ರಲ್ಲಿ ಲೋಕಾರ್ಪಣೆಗೊಂಡ ವೈನು ಬಾಪು ದೂರದರ್ಶಕದ ನಿಮ್ನದರ್ಪಣಕ್ಕೆ 2.34 ಮೀಟರು ವ್ಯಾಸ, ಸುಮಾರು 7.6 ಮೀಟರು ಸಂಗಮದೂರ. ಅದು ಗೋಳದ ತುಂಡಾಗಿದ್ದಿದ್ದರೆ ಅಂಚಿನ ಕಿರಣಗಳು ಎರಡು ಸೆಂಟಿಮೀಟರಿಗೂ ಮಿಕ್ಕಿ ಈಚೆಗೇ ಕೂಡಿ, ನಕ್ಷತ್ರವೆಂಬುದು ಬರಿಯ ಮಬ್ಬು ಬಿಲ್ಲೆಯಾಗುತ್ತಿದ್ದಿತು. ಅದಕ್ಕೆಂದೇ ಅದರ ಮೈ ಪರವಲಯಾಕಾರದ್ದು. ಆದರೂ ಎರಡು ಆಕಾರಗಳಿಗೂ ಅಂಚಿನಲ್ಲಿರುವ ಅಂತರವು ಮಿಲಿಮೀಟರಿನ ಹದಿನೈದರಲ್ಲೊಂದು ಭಾಗಕ್ಕೆ ಮೀರದೆಂಬುದು ಗಾಜನ್ನು ಅರೆಯುವವರ ಶ್ರಮವನ್ನು ತಿಳಿಸೀತು.

ಇಷ್ಟು ಸೂಕ್ಷ್ಮವಾದ ತಪ್ಪನ್ನು ಕಂಡುಹಿಡಿಯಲು ಕ್ಷೌರದ ಅಲಗೊಂದೇ ಸಾಕೆಂಬುದು ಸೋಜಿಗ. ಫೂಕೋ 1858ರಲ್ಲಿ ತೋರಿಸಿದಂತೆ, ಅಲಗನ್ನು ಕಿರಣಗಳು ಕೂಡುವೆಡೆಗೆ ಮೆಲ್ಲನೆ ಸರಿಸಿದಾಗ, ದರ್ಪಣದ ಏರುತಗ್ಗುಗಳು ನೆರಳುಗಳಾಗಿ ಎದ್ದು ಕಾಣುವವು. ಇದಕ್ಕಿಂತ ಎಷ್ಟೋ ಜಟಿಲವಾದ ಉಪಕರಣವನ್ನು ನಂಬಿದ ಹಬಲ್ ದೂರದರ್ಶಕದವರಾದರೋ, ಆ ಉಪಕರಣದ ಜೋಡಣೆಯೇ ತಪ್ಪಿದ್ದುದರಿಂದ, ಅಂಚಿನಲ್ಲಿ ಸುಮಾರು 2 ಮೈಕ್ರೊಮೀಟರು ಹೆಚ್ಚು ಚಪ್ಪಟೆಯಾದ ದರ್ಪಣವನ್ನು 1990ರಲ್ಲಿ ಅಂತರಿಕ್ಷಕ್ಕೆ ಕಳುಹಿಸಿ, 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳಿಂದ ಸರಿಪಡಿಸಿಕೊಳ್ಳಬೇಕಾಯಿತು.

ಪರವಲಯವೂ ನಿರ್ದೋಷಿಯಲ್ಲ. ಅಕ್ಷದ ನೇರದಲ್ಲಿ ನಿಷ್ಕಳಂಕವಾದ ಅದರ ಬಿಂಬವು ತುಸು ಪಕ್ಕಕ್ಕೆ ಸರಿಯುತ್ತಲೇ ಪ್ರತಿ ನಕ್ಷತ್ರಕ್ಕೂ ಬಾಲ ಮೂಡಿಸುವುದು. ಈ ದೋಷವೇ ಕೋಮಾ. ಹೊಸಕೋಟೆಯ ನೆಲೆಯಿಂದ ದೂರನಿಯಂತ್ರಣದಲ್ಲಿ ನಡೆಯುವ, ಲಡಾಖಿನ ಹಾನ್ಲೆಯ 2.01 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕದಲ್ಲಿ ಎರಡು ದರ್ಪಣಗಳನ್ನೂ ಅತಿಪರವಲಯಾಕಾರಕ್ಕೆ ತಂದು ಗೋಳೀಯ ವಿಪಥನ, ಕೋಮಾಗಳೆರಡನ್ನೂ ನೀಗಿಸಲಾಗಿದೆ. ಅಲ್ಲಿಯೂ ಅಕ್ಷದಿಂದ ದೂರ ಸರಿದಂತೆಲ್ಲ, ಬಿಂದುವು ಒಂದು ದೂರದಲ್ಲಿ ಅಡ್ಡಗೆರೆಯಾಗಿ, ಇನ್ನೊಂದು ದೂರದಲ್ಲಿ ಲಂಬಗೆರೆಯಾಗಿ ಕಾಣುವ ಅಸ್ಟಿಗ್ಮ್ಯಾಟಿಸಂ ಉಳಿದೇ ಇರುವುದು.